ಬಿಳಿ ಆರ್ಕಿಡ್‌ಗೆ ಹಾಕಿದ ಕತ್ತರಿ

ಮಾರ್ಚ್ 14, ಬೆಳಿಗ್ಗೆ 6.40

ಅಕ್ಕಾ,

ಹೂವಿನಂಗಡಿಯವರು ಹತ್ತಕ್ಕೆ ಬಂದರೆ ಒಂದು ಕುಂಡವನ್ನೂ ಕೊಡಬೇಡ.

ಬಿಳಿ ಆರ್ಕಿಡ್ ಎಲೆಯ ಕಪ್ಪು ಗೆರೆಗಳು ವೈರಸ್ಸಿನವೇ. ನೀರು ಜಾಸ್ತಿ ಹಾಕಿದರೆಂದು ಭಾವನನ್ನು ಬೈದದ್ದು ಸಾಕು, ಪಾಪ.

ತಪ್ಪು ನನ್ನದು. ಭಾನುವಾರ ಅದರ ದಂಟು ಕತ್ತರಿಸಿ, ಕತ್ತರಿಯನ್ನು ಬೆಂಕಿಗೆ ಹಿಡಿಯದೆ ಉಳಿದ ಹನ್ನೊಂದು ಗಿಡಕ್ಕೂ ಹಾಕಿಬಿಟ್ಟೆ. ಲ್ಯಾಬಿನಲ್ಲಿ ಎಲ್ಲರಿಗೂ ಇದನ್ನೇ ಪಾಠ ಹೇಳುವವಳು ನಾನು!

ಅವಕ್ಕೂ ಸೋಂಕು ತಗಲಿದೆಯೋ ಇಲ್ಲವೋ ಪರೀಕ್ಷೆಯಲ್ಲಿ ಕಾಣಲು ಆರು ವಾರ ಬೇಕು. ಅಲ್ಲಿಯವರೆಗೆ ನನಗೆ ಕೂತಲ್ಲಿ ಕೂರಲಾಗದು.

ಬಿಳಿಯದನ್ನು ನೀನು ಮುಟ್ಟಬೇಡ, ಸಂಜೆ ಬಂದು ನಾನೇ ಸುಡುತ್ತೇನೆ.

“ಇನ್ನೊಂದು ಸಲ ನೋಡೇ” ಅಂತೀಯ, ಗೊತ್ತು. ಮೂರು ಸಲ ನೋಡಿದೆ. ಆರೋಗ್ಯವಾದ ಎಲೆಗೆ 0.1 ಬರುವ ಪರೀಕ್ಷೆಯಲ್ಲಿ ನಿನ್ನ ಗಿಡಕ್ಕೆ ಬಂದದ್ದು 1.86.