ಸಾಕು ಅಂದರೆ

ಅಕ್ಕಾ,

ಮಗುವಿಗೆ ಹೆಸರಿಡುವ ಮೊದಲೇ ಈ ಕಾರ್ಡು ನಿನ್ನ ಕೈಸೇರಲಿ ಎಂದು ಅವಸರವಸರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ನಾನು ಕೆಲಸ ಮಾಡುವ ಹೆರಿಗೆ ವಾರ್ಡಿನ ಹೆಡ್ ನರ್ಸಿನದು ಐರಿಷ್ ಹೆಸರು. ಬರೆಯುವುದು ಒಂದು ಥರ, ಕರೆಯುವುದು ಇನ್ನೊಂದು ಥರ. ಅರ್ಥ ಮಾತ್ರ 'ದುಃಖಿ' ಅಂತೆ! ಅವಳೋ ಹೊಟ್ಟೆ ಹಿಡಿದು ನಗುವವಳು. ನಿನ್ನೆ ಟೀ ಹೊತ್ತಿಗೆ ಎಲ್ಲರೆದುರು, "ನಿನ್ನ ಹೆಸರಿಗೇನಮ್ಮ ಅರ್ಥ?" ಎಂದು ಕೇಳಿಬಿಟ್ಟಳು.

ನಾಲ್ಕನೆಯದೂ ಹೆಣ್ಣೇ ಆಯಿತೆಂದು ಬೇಸತ್ತು ಅಪ್ಪ ಇಟ್ಟ ಹೆಸರು ಎಂದು ಹೇಗೆ ಹೇಳಲಿ? ಅಷ್ಟರಲ್ಲಿ ತೊಟ್ಟಿಲಿನ ಕೂಸೊಂದು ಅತ್ತಿತು. ಎತ್ತಿಕೊಂಡು, "ಸಾಕು ಅಂದ್ರೆ ಮಗೂನ ಸಾಕು, ಸಲಹು ಅಂತ" ಎಂದೆ. ಸುಳ್ಳಂತೂ ಅಲ್ಲವಲ್ಲ! ಎಲ್ಲರೂ ಎಷ್ಟು ಚಂದದ ಹೆಸರು ಎಂದರು. ನಾನು ಮಾತ್ರ ಟೀ ಅಲ್ಲೇ ಬಿಟ್ಟು ಕೂಸನ್ನು ತೂಗುತ್ತಾ ನಿಂತೆ.

ನಿನ್ನ ಮೂರನೇ ಮಗಳಿಗೂ ಅದೇ ಹೆಸರಿಡಬೇಕೆಂದು ನಿಮ್ಮತ್ತೆ ಹಟ ಹಿಡಿದಿದ್ದಾರಂತೆ. ತಲೆ ಆಡಿಸಿಬಿಡಬೇಡ. ನನ್ನ ಕೆಮ್ಮು ವಾಸಿಯಾಗಿದೆ, ನೀನು ಬಿಸಿನೀರೇ ಕುಡಿ. ಜಾಗ ಮುಗಿಯಿತು. ಅತ್ತೆಗೆ ಇಷ್ಟೇ ಹೇಳು: "ಸಾಕು ಅನ್ನೋಳು ನಮಗೆ ಒಬ್ಬಳೇ ಸಾಕು."

ನಿನ್ನ ತಂಗಿ