ಖಣಿಯಿಂದ ತಂದ ವಾಯರ್

ರಾವೂರ
೧೨ ಮೇ ೨೦೨೪

ಅಪ್ಪಾ,

ಚೌಡೇಶನ ನಮಸ್ಕಾರ. ಮೊಣಕಾಲು ಹೇಗಿದೆ? ಚಿಂಚೋಳಿಯಲ್ಲಿ ಅಕ್ಕನ ಮನೆ ಮೆಟ್ಟಿಲು ಎತ್ತರ, ಹತ್ತುವುದು ಇಳಿಯುವುದು ಕಡಿಮೆ ಮಾಡು. ರಾತ್ರಿ ಎಣ್ಣೆ ಹಚ್ಚಿಸಿಕೊಳ್ಳುತ್ತೀಯೋ, ಅಲ್ಲಿಯೂ ಹಟವೋ? ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಎದ್ದು ಹೊರಗೆ ಹೋಗುತ್ತೀಯಂತೆ. ಅದಕ್ಕೇ ಈ ಕಾಗದ. ಸರ್ದಾರ ನಾಳೆ ಟೆಂಪೋದಲ್ಲಿ ಪರಸಿ ಕಲ್ಲು ತುಂಬಿಕೊಂಡು ಆ ಕಡೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಸುನಿತಕ್ಕಾ, ಅಪ್ಪನಿಗೆ ನೀನೇ ಓದಿ ಹೇಳಬೇಕು. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು, ತಪ್ಪಿದ್ದರೆ ನಗು. ಒಂದು ಮಾತೂ ಬಿಡಬೇಡ. ಬೈಗುಳ ಬಂದರೆ ಅದನ್ನೂ ಓದು.

ಮೊದಲು ಅವ್ವನ ಸುದ್ದಿ. ಕೈಯ ಸುಟ್ಟ ಗಾಯ ಒಣಗಿದೆ, ಮೊನ್ನೆ ಪಟ್ಟಿ ಬಿಚ್ಚಿದರು. ಬೆರಳು ಮಡಚುತ್ತಾಳೆ, ಆದರೆ ರೊಟ್ಟಿ ಬಡಿಯಲು ಇನ್ನೂ ಆಗುವುದಿಲ್ಲ. ಬೆಂಕಿ ಬಿದ್ದು ಇವತ್ತಿಗೆ ಇಪ್ಪತ್ತು ದಿನ. ಇಪ್ಪತ್ತು ದಿನವೂ ಪಕ್ಕದ ಮನೆಯ ಅಖ್ತರ ಬೇಗಂ ಎರಡು ಹೊತ್ತು ರೊಟ್ಟಿ ಕಳಿಸಿದ್ದಾರೆ. ಅವ್ವ ಕುಳಿತಲ್ಲೇ ಅವರ ರೊಟ್ಟಿ ದಪ್ಪ ಎಂದು ಕೊಂಕು ತೆಗೆಯುತ್ತಾಳೆ. ಅವರು ಬಿಡುತ್ತಾರೆಯೇ? ‘ಪುಗಸಟ್ಟೆ ತಿನ್ನಾಕಿಗಿ ಎಷ್ಟ ಸೊಕ್ಕ ನೋಡವ್ವ. ಲಗೂ ಕೈ ನೆಟ್ಟಗ ಮಾಡ್ಕೊ, ನೀನೇ ಬಡಿ.’ ಇಬ್ಬರೂ ನಗುತ್ತಾರೆ. ನಾನು ಹೊರಗೆ ಹೋಗಿ ನಿಲ್ಲುತ್ತೇನೆ.

ಆ ಮಧ್ಯಾಹ್ನ ನೀನು ಖಣಿಯಲ್ಲಿದ್ದೆ, ನಾನು ಕಲ್ಲು ಪಾಲಿಶ್ ಮಾಡುವ ಜಾಗದಲ್ಲಿದ್ದೆ. ಕೂಲರ್ ಹಿಂದಿನ ವಾಯರಿಂದ ಕಿಡಿ ಎದ್ದು ಗೂಟದ ಬಟ್ಟೆಗೆ ಹತ್ತಿದೆ. ಅವ್ವ ಕೌದಿ ಎಳೆಯಲು ಹೋಗಿ ಕೈ ಸುಟ್ಟುಕೊಂಡಿದ್ದಾಳೆ. ಅವಳನ್ನು ಹೊರಗೆ ಎಳೆದು ತಂದದ್ದು ಅಖ್ತರ ಬೇಗಂ. ಓಣಿಯವರು ಕೊಡ ಹಿಡಿದು ಓಡಿ ಬಂದರೆ ಬಾಗಿಲಿಗೆ ಅಡ್ಡ ನಿಂತು, ‘ನೀರ ಹಾಕಬ್ಯಾಡ್ರಿ, ಕರೆಂಟ್ ಅದ. ಕಲ್ಲಿನ ಪುಡಿ ತರ್ರಿ’ ಎಂದವರೂ ಅವರೇ. ಅಷ್ಟರಲ್ಲಿ ನಾನೂ ಓಡಿ ಬಂದೆ, ಎಲ್ಲರೂ ಬುಟ್ಟಿ ಬುಟ್ಟಿ ಪುಡಿ ತಂದು ಸುರಿದೆವು. ಕರೆಂಟ್ ಕೆಲಸದ ಗುಲಾಮ ದಸ್ತಗೀರ ಚಾಚಾ ಮೀಟರಿನ ಫ್ಯೂಜ್ ಕಿತ್ತರು. ಕೆಲವು ನಾಲಾಯಕರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತ ನಿಂತಿದ್ದರು. ಒಬ್ಬೊಬ್ಬನ ಮುಖವೂ ನನಗೆ ನೆನಪಿದೆ.

ನಮ್ಮದು ಕಲ್ಲಿನ ಮನೆ, ಮೇಲೂ ಪರಸಿ ಚಪ್ಪಡಿಯೇ, ಅದಕ್ಕೇ ಉಳಿಯಿತು. ಹಾಸಿಗೆ, ಬಟ್ಟೆ, ಕೂಲರ್, ನಿನ್ನ ಮೊಬೈಲ್ ಹೋದವು. ಮಸಿ ಕೆರೆದು ಎರಡು ಸಲ ಸುಣ್ಣ ಹೊಡೆದಿದ್ದೇನೆ. ಒಂದು ಮೂಲೆ ಇನ್ನೂ ಕಪ್ಪಾಗಿಯೇ ಕಾಣುತ್ತದೆ. ವಾಯರಿಂಗ್ ಚಾಚಾ ಮಾಡಿಕೊಟ್ಟರು. ವಾಡಿಯಲ್ಲಿ ಹಿಡಿದ ಕೆಲಸ ಬಿಟ್ಟು ಮೂರು ದಿನ ನಮ್ಮ ಮನೆಯಲ್ಲಿದ್ದರು. ಎಲ್ಲಿ ತಪ್ಪಾದರೂ ತಾನೇ ಬೀಳುವ ಸ್ವಿಚ್ ಕೂಡಿಸಿದ್ದಾರೆ. ಏಣಿ ಹಿಡಿದ ನನಗೆ ಮೂರು ದಿನವೂ ಬೈದರು. ಬೇರೆ ಯಾರಾದರೂ ಹಾಗೆ ಬೈದಿದ್ದರೆ ಏಣಿ ಎಳೆದುಬಿಡುತ್ತಿದ್ದೆ. ಇಂಥವರ ಋಣ ಹೇಗೆ ತೀರಿಸಬೇಕೋ ನನಗೆ ತಿಳಿಯದು.

ಈಗ ನನ್ನ ನಿನ್ನ ಮಾತು. ಮದ್ದಿನ ಬಾರು ಹಾರಿಸಿ ಬಂಡೆ ಒಡೆದ ಮೇಲೆ ಖಣಿಯಲ್ಲಿ ಬಿದ್ದಿರುವ ಆ ಸಣ್ಣ ಕೆಂಪು ಹಳದಿ ವಾಯರನ್ನು ಓಣಿಯ ಗಂಡಸರೆಲ್ಲ ಮನೆಗೆ ತರುತ್ತಾರೆ, ನೀನೂ ತರುತ್ತಿದ್ದೆ. ಮಲಗುವ ಹೊರಸು ಬಿಗಿಯಲು ಅದೇ, ಬಟ್ಟೆ ಒಣಗಿಸಲು ಅದೇ, ಆಡಿನ ದೊಡ್ಡಿಗೆ ಅದೇ. ಕೂಲರ್ ಹಿಂದೆ ಅದೇ ವಾಯರ್ ಸುಟ್ಟು ಬಿದ್ದಿತ್ತು. ನೀನು ಖಣಿಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಾಗ ನಾನು ಎಲ್ಲರ ಮುಂದೆ ಒದರಿದೆ: ‘ಖಣಿ ವಾಯರ್ ಮನ್ಯಾಗ ಹಾಕಿ ಹೆಂಡ್ತೀನ್ನ ಸುಟ್ಟಾನ ನೋಡ್ರಿ ಇಂವ.’ ನೀನು ಅವ್ವನ ಕೈಗೆ ಪಟ್ಟಿ ಕಟ್ಟಿಸಿ, ಮರುದಿನ ಬೆಳಿಗ್ಗೆ ಚಿಂಚೋಳಿ ಬಸ್ ಹತ್ತಿದೆ. ಅವತ್ತಿನಿಂದ ಚಹಾದ ಅಂಗಡಿಯಲ್ಲಿ ನಿನ್ನನ್ನು ಕುರಿತು ‘ಮನಿ ಸುಟ್ಟ ಸಾಯಬಣ್ಣ’ ಎಂದು ಮಾತು. ನೀನು ನಾಚಿ ಇನ್ನು ಬರುವುದಿಲ್ಲ ಎನ್ನುತ್ತಾರೆ. ಅವ್ವ ದಿನಾ ನನಗೆ, ‘ಒದರಿದಾಂವ ನೀನು, ಕರಕೊಂಡ ಬರಾಂವನೂ ನೀನೇ’ ಎನ್ನುತ್ತಾಳೆ. ಎರಡು ಸಲ ಬಸ್ ನಿಲ್ದಾಣಕ್ಕೆ ಹೋಗಿ ತಿರುಗಿ ಬಂದಿದ್ದೇನೆ.

ಅಕ್ಕಾ, ಮಾವನವರಿಗೆ ನಮಸ್ಕಾರ ಹೇಳು, ಮಗುವಿಗೆ ಮುದ್ದು. ಅಪ್ಪನನ್ನು ಇಷ್ಟು ದಿನ ನೋಡಿಕೊಂಡೆ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಸಿಟ್ಟಿನ ಮಗ
ಚೌಡೇಶ

ತಾ.ಕ.: ಬೆಳಗಾಯಿತು, ಸರ್ದಾರ ಹಾರ್ನ್ ಹೊಡೆಯುತ್ತಿದ್ದಾನೆ. ಅಪ್ಪಾ, ಕೂಲರಿಗೆ ಆ ವಾಯರ್ ಕಟ್ಟಿದವನು ನಾನು. ನನ್ನ ಹೊರಸಿಗೆ ಗಾಳಿ ಬರಲಿ ಎಂದು ಕೂಲರ್ ಬಾಗಿಲ ಕಡೆ ಸರಿಸಿದೆ, ವಾಯರ್ ಸಾಲಲಿಲ್ಲ. ‘ಅದರಾಗ ಕರೆಂಟ್ ಬಿಡಬ್ಯಾಡ, ಅದು ಅರಬಿ ಒಣಗಿಸಾಕಷ್ಟೇ’ ಎಂದು ನೀನು ಹೇಳಿದ್ದೆ. ನೀನು ಮಲಗಿದ ಮೇಲೆ ಕಟ್ಟಿದೆ. ಒದರುವಾಗಲೂ ನನಗೆ ಗೊತ್ತಿತ್ತು. ನಿನಗೂ ಗೊತ್ತಿತ್ತು. ನೀನು ಆ ಗಂಟು ನೋಡಿದೆ, ನನ್ನನ್ನು ನೋಡಿದೆ, ಸುಮ್ಮನಾದೆ. ಮನೆಗೆ ನೀನು ಎಳೆದ ಹಳೆಯ ಕರೆಂಟ್ ಲೈನು ಇನ್ನೂ ಗಟ್ಟಿ ಇತ್ತು ಎಂದು ಚಾಚಾ ಅಂದರು. ನಿನ್ನೆ ಈ ಕಾಗದ ಬರೆದ ಮೇಲೆ ಚಹಾದ ಅಂಗಡಿಯಲ್ಲಿ ಎಲ್ಲರ ಮುಂದೆ ನಿಂತು ಹೇಳಿದ್ದೇನೆ: ‘ವಾಯರ್ ಕಟ್ಟಿದಾಂವ ನಾನು. ನಮ್ಮಪ್ಪ ಬ್ಯಾಡಂದಿದ್ದ.’ ಮನೆಗೆ ಬಂದು ಅವ್ವನಿಗೂ ಹೇಳಿದೆ, ಅವಳು ಸುಡದ ಕೈಯಿಂದ ಹೊಡೆದಳು. ಸರ್ದಾರ ತಿರುಗಿ ಬರುವಾಗ ಟೆಂಪೋ ಖಾಲಿ ಇರುತ್ತದೆ, ಮುಂದಿನ ಸೀಟಿನಲ್ಲಿ ಕುಳಿತು ಬಾ. ಅಕ್ಕಾ, ಇಷ್ಟನ್ನು ಮಾತ್ರ ಅಪ್ಪನ ಬಲಗಿವಿಯ ಕಡೆ ಕುಳಿತು ಓದು, ಎಡಗಿವಿ ಬಾರಿನ ಸದ್ದಿಗೆ ಹೋಗಿದೆ. ಕೇಳಿಸಲಿಲ್ಲ ಅಂದರೆ ಮತ್ತೆ ಓದು.