ಬೀಗತಿ ತಂದ ಲಿಂಬಿ ಸಸಿ

ವಾಡಿ
ತಾ. 24-3-2025

ಚಿ. ಸೌ. ಸುಶ್ಮಿತಾಗ ನಿಮ್ಮವ್ವ ಮಾಡುವ ಆಶೀರ್ವಾದ.

ನಾವಿಲ್ಲಿ ಆರಾಮ ಇದ್ದೀವಿ. ಚಂದಾಪುರದಾಗ ನೀನು, ಅಳಿಯಂದಿರು, ನಿಮ್ಮತ್ತಿ ಎಲ್ಲಾರೂ ಆರಾಮ ಇದ್ದೀರಂತ ತಿಳಕೊಂಡೀನಿ. ಕಾಗದ ಬರೀಲಿಕ್ಕ ತಡಾ ಆತು, ಬ್ಯಾಸರ ಮಾಡ್ಕೋಬ್ಯಾಡ. ಎರಡ ಸಲ ಬರದು ಹರದು ಒಲಿಗಿ ಹಾಕೀನಿ. ಫೋನ್ ಯಾಕ ಮಾಡ್ಲಿಲ್ಲ ಅಂತೀ. ನೀ ಸ್ಪೀಕರ್ ಹಚ್ಚತಿ, ಬಾಜೂಕ ನಿಮ್ಮತ್ತಿ ಕುಂತಿರ್ತಾರ. ಈ ಮಾತು ಅವರ ಮುಂದ ಆಡೂವಂಥದ್ದಲ್ಲ.

ಹಿತ್ತಲದಾಗ ಈ ಸಲ ಬದನಿ ಭಾಳ ಹಿಡದಾವ. ಹೀರಿಬಳ್ಳಿ ಬಚ್ಚಲದ ತಗಡಿನ ಪತ್ರಾ ತನಕ ಏರ್ಯಾದ. ನಿಮ್ಮಪ್ಪ ಜಳಕದ ನೀರು ಒಂದ್ ಹನಿ ಮೋರಿಗಿ ಬಿಡೂದಿಲ್ಲ, ಎಲ್ಲಾ ಟಮಾಟಿ ಸಾಲಿಗಿ ತಿರುಗಿಸ್ಯಾರ. ಕರಿಬೇವು ಚಿಗತದ. ಚಿಗತ ಕೂಡ್ಲೆ ಹುಳ ಬಂದಾವ. ಮೊದಲ ಹಕ್ಕಿ ಹಿಕ್ಕಿಯಂಗ ಕಾಣ್ತಿದ್ವು, ಆಮ್ಯಾಲ ಹಸರಾಗಿ ಕಿರಿಬೆರಳಿನಷ್ಟು ದಪ್ಪಾದ್ವು. ಮುಟ್ಟಿದ್ರ ತಲಿಮ್ಯಾಲ ಕೆಂಪು ಕೋಡ ತೆಗದು ವಾಸನಿ ಬಿಡ್ತಾವ.

ನಿಮ್ಮತ್ತಿ ದೇವಿಕಾಬಾಯಿ ಹೋದ ತಿಂಗಳ ಶಹಾಬಾದಿಗಿ ಮದವಿಗಿ ಹೊಂಟಾಗ ನಮ್ಮಲ್ಲಿ ಇಳದಿದ್ರಲ್ಲ, ಎಣ್ಣಿ ಡಬ್ಬಿದಾಗ ಲಿಂಬಿ ಸಸಿ ತಂದಿದ್ರು.

“ಸುಶ್ಮಿತಾನೇ ಬೀಜ ಹಾಕಿ ಬೆಳಸ್ಯಾಳ್ರಿ. ನಮ್ಮ ಹಿತ್ತಲಾ ಈಗ ಅಕಿ ಕೈಯಾಗೇ ಅದ. ಮುಂಜಾನೆದ್ದು ಇಬ್ಬರೂ ಅಲ್ಲೇ ಕುಂತು ಚಹಾ ಕುಡೀತೀವಿ,” ಅಂದ್ರು.

ನಾ ನಕ್ಕೆ. ಒಳಗ ಹೊಟ್ಟಿ ಧಗಧಗ ಉರೀತು. ನಮ್ಮನ್ಯಾಗ ಇದ್ದಾಗ ಎರಡ ಮೆಣಸಿನಕಾಯಿ ಹರ್ಕೊಂಡ ಬಾ ಅಂದ್ರ, “ಉಗುರಾಗ ಮಣ್ಣ ಹೋಗ್ತದವ್ವಾ” ಅಂತಿದ್ದಿ. ಇಪ್ಪತ್ತಮೂರು ವರ್ಷದಾಗ ಒಂದಿನಾ ನನ್ನ ಜೋಡಿ ಹಿತ್ತಲದಾಗ ಕುಂದ್ರಲಾರದಾಕಿ, ಒಂದೂವರಿ ವರ್ಷಕ್ಕ ಅವರ ಜೋಡಿ ಚಹಾ ಕುಡ್ಯಾಕತ್ತೀದಿ! ಅವರು ಕೆಟ್ಟವರಾದ್ರೂ ಆಗಿದ್ರ ಬೈದು ಹಗುರಾಗ್ತಿದ್ದೆ. ಅದೂ ಅಲ್ಲ.

ಖರೆ ಹೇಳ್ತೀನಿ, ಬೈಬ್ಯಾಡ. ಸಸಿ ನೆಲಕ್ಕ ಹಚ್ಚಿದೆ. ಹುಳ ದಪ್ಪಾದ ಮ್ಯಾಲ ಕರಿಬೇವಿಂದ ಏಳು ಹುಳ ಎಲಿ ಸಮೇತ ಹರದು ಆ ಲಿಂಬಿ ಮ್ಯಾಲ ಬಿಟ್ಟೆ. ನನ್ನ ಕೈಯಾರೆ. ಮೂರ ದಿನದಾಗ ಬರೇ ಕಡ್ಡಿ ಉಳೀತು.

ನಿಮ್ಮಪ್ಪ ನೋಡಿ, “ಏನಿದು, ಒಂದೇ ಗಿಡಕ್ಕ ಈಟು ಹುಳ?” ಅಂದ್ರು.

“ಹುಳಕ್ಕೇನು ಗೊತ್ತು, ಯಾರ ಮನಿ ಗಿಡ ಅಂತ,” ಅಂದೆ.

ಅವರು ನನ್ನ ಮಾರಿ ನೋಡಿದ್ರು. “ಯಾರ ಮನೀದಂತ ನಾ ಕೇಳೇ ಇಲ್ಲಲ್ಲ,” ಅಂದ್ರು.

ಅವತ್ತ ಸಂಜೀಗೇ ನಿಮ್ಮತ್ತಿ ಫೋನ್. “ಸಸಿ ಹತ್ಯಾದೇನ್ರಿ?” “ಭಾಳ ಚಲೋ ಅದ್ರಿ,” ಅಂದೆ. ಫೋನ್ ಇಟ್ಟು ಹುಳ ಒಂದೊಂದೇ ಆರಿಸಿ ತಿರುಗಿ ಕರಿಬೇವಿಗಿ ಬಿಟ್ಟೆ. ಲಿಂಬಿ ಬುಡಕ್ಕ ದಿನಾ ತಂಬಿಗಿ ನೀರ ಹಾಕಿದೆ. ಈಗ ಎರಡ ಚಿಗರು ಬಂದಾವ. ಸಂತೋಷ ಪಡೂದ ಬಿಟ್ಟು, ಅವರ ಮನಿ ಕಡ್ಡಿ ಸೈತ ನನಗ ಸೋಲೂದಿಲ್ಲಲ್ಲ ಅಂತ ಮತ್ತ ಉರೀತು. ಹಿಂಗದ ನೋಡು ನಿಮ್ಮವ್ವನ ಬಾಳ್ವಿ.

ಹೊತ್ತಿಗಿ ಸರಿ ಉಣ್ಣು. ಬಿಸಲಾಗ ತಿರುಗಬ್ಯಾಡ. ನಿನ್ನ ಹೊಟ್ಟಿ ತಣ್ಣಗಿರ್ಲಿ.

ನಿಮ್ಮವ್ವ
ಭೀಮಬಾಯಿ

ತಾ.ಕ.: ಸಸಿ ತಂದ ದಿನ ನಿಮ್ಮತ್ತಿ ಹೊಂಟಾಗ ಬಾಗಲದಾಗ ನಿಂತು, “ಮೂರ ತಿಂಗಳು ತುಂಬ್ಯಾವಲ್ರಿ, ನೀರಿನ ಕೊಡಾ ನಾ ಎತ್ತಗೊಡೂದಿಲ್ಲ ಅಕಿಗಿ,” ಅಂದ್ರು. ನೀ ಬಸರಿ ಅಂತ ತಿಳೀಲಿಕ್ಕ ನನಗ ಒಂದ್ ಗಳಿಗಿ ಬೇಕಾತು. “ಹೌದ್ರಿ, ನಮಗ ಮೊದಲೇ ಹೇಳ್ಯಾಳ,” ಅಂತ ಸುಳ್ಳು ಹೇಳ್ದೆ. ನಿಮ್ಮಪ್ಪಗ ಇನ್ನೂ ಗೊತ್ತಿಲ್ಲ. ಅವರಿಗರ ನೀನೇ ಹೇಳವ್ವಾ.